ಮಧ್ಯಾಹ್ನದ ಬಿಸಿಲಿಗೆ ಜಾಗ

ಯಾರು ಎಷ್ಟು ಕರೆಂಟು ಹುಟ್ಟಿಸಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ ಅವಳಿಗೆ ‘ನಿಲ್ಸಿ ಮೇಡಂ’ ಎಂಬ ಹೆಸರು ಬಿದ್ದದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಹಗಲು ಪಾಳಿಯಲ್ಲಿ ಅವಳ ಮೇಜಿಗೆ ಬಂದ ಕೆಲಸವೇ ಅಂಥದ್ದು. ಬಿಸಿಲು ಏರುತ್ತಿದ್ದಂತೆ ಸೋಲಾರ್ ಪಾರ್ಕುಗಳಿಗೆ ಒಂದೊಂದಾಗಿ ಫೋನು ಮಾಡಿ, “ಇಷ್ಟು ಕಡಿಮೆ ಮಾಡಿ, ಉಳಿದದ್ದು ನಿಲ್ಸಿ” ಎಂದು ಹೇಳಬೇಕು. ಆಚೆ ಕಡೆಯವರು ಗೊಣಗುತ್ತ ನಿಲ್ಲಿಸುತ್ತಿದ್ದರು.

ಕರೆಂಟನ್ನು ಮೂಟೆ ಕಟ್ಟಿ ಅಟ್ಟದ ಮೇಲೆ ಇಡಲು ಬರುವುದಿಲ್ಲ. ದೊಡ್ಡ ಬ್ಯಾಟರಿಗಳು ಬರುತ್ತವೆ, ಬರುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಬಂದಿದ್ದು ಮಾತ್ರ ಬೆರಳೆಣಿಕೆಯಷ್ಟು. ಊರಿಗೆ ಆ ಗಳಿಗೆಯಲ್ಲಿ ಎಷ್ಟು ಬೇಕೋ ಅಷ್ಟೇ ಆ ಗಳಿಗೆಯಲ್ಲಿ ಹುಟ್ಟಬೇಕು. ಹೆಚ್ಚಾದರೂ ಗ್ರಿಡ್ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಕಲ್ಲಿದ್ದಲು ಸ್ಥಾವರಗಳು ಸಂಜೆಗೆ ಬೇಕೇ ಬೇಕು. ಅವನ್ನು ಮಧ್ಯಾಹ್ನ ಪೂರ್ತಿ ಆರಿಸಿಬಿಟ್ಟರೆ ಸಂಜೆಯೊಳಗೆ ಮತ್ತೆ ಕುದಿಸಿ ತರುವುದು ಆಗದ ಮಾತು. ಹಾಗಾಗಿ ಅವು ನಡುಹಗಲಲ್ಲೂ ಉರಿಯುತ್ತಲೇ ಇರುತ್ತಿದ್ದವು. ತಮ್ಮ ಶಕ್ತಿಯಲ್ಲಿ ನೂರಕ್ಕೆ ಐವತ್ತೈದು ಪಾಲಿಗಿಂತ ಕೆಳಗೆ ಅವು ಇಳಿಯಬೇಕಾಗಿಲ್ಲ ಎಂದು ನಿಯಮವೇ ಇತ್ತು. ಜಾಗ ಸಾಲದಾದಾಗ ಹೊರಗೆ ನಿಲ್ಲಬೇಕಾದವನು ಸೂರ್ಯ.

ಒಂದು ದಿನ ಅವಳು ಎಂದಿನಂತೆ ಫೋನು ಮಾಡಿದಾಗ ಸೋಲಾರ್ ಪಾರ್ಕಿನ ಎಂಜಿನಿಯರು, “ಮೇಡಂ, ಇವತ್ತು ಮೋಡದ ಚೂರೂ ಇಲ್ಲ. ಇಂಥ ದಿನಾನೂ ನಿಲ್ಸು ಅಂದ್ರೆ, ಈ ಪ್ಯಾನೆಲ್‌ಗಳನ್ನ ಬಟ್ಟೆ ಒಣಗಿಸೋಕೆ ಇಟ್ಕೊಳ್ಳೋದಾ?” ಎಂದ. ಮಾತಿನಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಅವಳು “ನಿಲ್ಸಿ” ಎಂದಷ್ಟೇ ಹೇಳಿ ಫೋನಿಟ್ಟಳು.

ಗೋಡೆ ತುಂಬ ಹರಡಿದ್ದ ಪರದೆಯ ಮೇಲೆ ಆ ಪಾರ್ಕಿನ ಗೆರೆ ಕಡಿದ ಕೊಂಬೆಯ ಹಾಗೆ ಕೆಳಗೆ ಬಿತ್ತು. ಪಕ್ಕದಲ್ಲೇ ಕಲ್ಲಿದ್ದಲಿನ ಗೆರೆ ಕದಲದೆ ಸಾಗಿತ್ತು. ಅವಳು ಪಾಳಿಯ ಮುಖ್ಯಸ್ಥರ ಹತ್ತಿರ ಹೋಗಿ ಕೇಳಿದಳು: “ಸರ್, ಇದನ್ನ ಯಾಕೆ ಇಳಿಸಬಾರದು?”

“ಐವತ್ತೈದರ ಕೆಳಗೆ ಇಳಿಸೋಕೆ ನಿಯಮ ಇಲ್ವಲ್ಲಮ್ಮ.”

“ನಿಯಮ ಯಾರು ಬರೀತಾರೆ?”

“ಆಯೋಗದವರು. ನಾವು ಓದ್ತೀವಿ ಅಷ್ಟೇ.”

“ಅಲ್ಲಿಗೆ ಹೋಗೋಕೆ ಏನು ಮಾಡ್ಬೇಕು?”

ಅವರು ತಮಾಷೆಯೆಂದುಕೊಂಡು ನಕ್ಕರು. ಅವಳು ಆ ವಾರವೇ ವಿದ್ಯುತ್ ನಿಯಂತ್ರಣ ಆಯೋಗದ ನೀತಿ ವಿಭಾಗಕ್ಕೆ ಅರ್ಜಿ ಹಾಕಿದಳು.

ಮನೆಯಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. “ಇಡೀ ಊರಿನ ಕರೆಂಟು ಕೈಯಲ್ಲಿಟ್ಟುಕೊಂಡಿದ್ದೋಳು, ಈಗ ಕಾಗದ ತಿದ್ದೋಕೆ ಹೋಗ್ತಾಳಂತೆ” ಎಂದು ಅಮ್ಮ ಮೂಗು ಮುರಿದರು. ಅಕ್ಕ, “ಅವಳಿಗೆ ಹುಟ್ಟಿದಾಗಿಂದ ಒಂದು ಕಡೆ ಕೂತು ಅಭ್ಯಾಸ ಇಲ್ಲ” ಎಂದಳು. ಬೆಂಬಲಕ್ಕೆ ನಿಂತವರು ಭಾವ ಒಬ್ಬರೇ. “ಹೋಗ್ಲಿ ಬಿಡಿ. ಯಂತ್ರ ಕಂಡೋರು ಒಬ್ಬರಾದ್ರೂ ಅಲ್ಲಿರಲಿ. ಅಲ್ಲಿರೋ ಅರ್ಧ ಜನಕ್ಕೆ ಬಾಯ್ಲರ್‌ಗೂ ಬಕೆಟ್ಟಿಗೂ ವ್ಯತ್ಯಾಸ ಗೊತ್ತಿಲ್ಲ.”

ಭಾವನ ಮಾತಿಗೆ ಆ ಮನೆಯಲ್ಲಿ ತೂಕವಿತ್ತು. ಅವರು ಆ ಸೀಮೆಯ ಅತಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಾರ್ಯಾಚರಣೆಯ ಮುಖ್ಯಸ್ಥರು. ಅಪ್ಪ ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಆಮೇಲೆ ಓದಿಸಿದವರು, ಎಂಜಿನಿಯರಿಂಗ್ ಸೇರಿಸಿದವರು ಅವರೇ. ಒಂದು ರಜೆಯಲ್ಲಿ ಅವಳನ್ನು ಸ್ಥಾವರಕ್ಕೆ ಕರೆದುಕೊಂಡು ಹೋಗಿ, ಬಾಯ್ಲರಿನ ಗೋಡೆಯಲ್ಲಿದ್ದ ಪುಟ್ಟ ಕಿಂಡಿ ತೆರೆದು, ಕಣ್ಣಿಗೆ ನೀಲಿ ಗಾಜು ಹಿಡಿದು ಒಳಗಿನ ಬೆಂಕಿ ತೋರಿಸಿದ್ದರು. ಬಹುಮಹಡಿ ಕಟ್ಟಡದಷ್ಟು ಎತ್ತರದ ಬೆಂಕಿ. ಅವತ್ತೇ ಅವಳು ತಾನು ಏನಾಗಬೇಕೆಂದು ತೀರ್ಮಾನಿಸಿದ್ದು.

ಆಯೋಗದ ಕಚೇರಿ ಹಳೆಯ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿತ್ತು. ಅವಳಿಗೆ ಕೊಟ್ಟ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿಗೆ ಮುಖ ಮಾಡಿತ್ತು. ಪಂಖ ತಿರುಗಿದರೆ ಕಾಗದ ಹಾರುತ್ತಿತ್ತು, ನಿಲ್ಲಿಸಿದರೆ ಬೆವರು ಸುರಿಯುತ್ತಿತ್ತು. ಅವಳು ಬೆವರನ್ನೇ ಆರಿಸಿಕೊಂಡಳು. ಕಂಟ್ರೋಲ್ ರೂಮಿನಲ್ಲಿ ಒಂದು ಮಾತು ಹೇಳಿದರೆ ಕಣ್ಣೆದುರಿಗೇ ಫಲ ಕಾಣುತ್ತಿತ್ತು. ಇಲ್ಲಿ ಒಂದು ವಾಕ್ಯ ಬರೆದರೆ ಕಾನೂನು ವಿಭಾಗಕ್ಕೆ ಹೋಗಿ, ಹಣಕಾಸಿಗೆ ಹೋಗಿ, ತಿದ್ದಿಸಿಕೊಂಡು ಗುರುತೇ ಸಿಗದ ಹಾಗೆ ಮರಳಿ ಬರುತ್ತಿತ್ತು. ಅವಳು ಹಲ್ಲು ಕಚ್ಚಿ ಕಲಿತಳು. ಕರೆಂಟಿನ ಬೆಲೆ ಹೇಗೆ ನಿಗದಿಯಾಗುತ್ತದೆ, ಯಾರು ಯಾರಿಂದ ಎಷ್ಟು ಕೊಳ್ಳುವ ಕರಾರಿದೆ, ಯಾವ ಸಾಲಿನಲ್ಲಿ ಯಾರ ಲಾಭ ಅಡಗಿದೆ ಎಂಬುದೆಲ್ಲ ತಲೆಗೆ ಹತ್ತಿದ ಮೇಲೆ ತನ್ನ ಮೊದಲ ಕರಡನ್ನು ಬರೆದಳು: ಬಿಸಿಲಿರುವ ಹೊತ್ತಿನಲ್ಲಿ ಕಲ್ಲಿದ್ದಲು ಘಟಕಗಳು ತಮ್ಮ ಉತ್ಪಾದನೆಯನ್ನು ನೂರಕ್ಕೆ ನಲವತ್ತಕ್ಕೆ ತಗ್ಗಿಸತಕ್ಕದ್ದು.

ಆಯೋಗದ ಅಧ್ಯಕ್ಷರು ಮೆತ್ತಗೆ ಮಾತಾಡುವ, ಮೆತ್ತಗಾಗದ ಮನುಷ್ಯ. ಕರಡು ಓದಿ, “ಚೆನ್ನಾಗಿದೆ. ಇನ್ನು ಬೈಗುಳ ತಿನ್ನೋಕೆ ಸಿದ್ಧವಾಗಿ” ಎಂದು ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಿಸಿದರು.

ಮೊದಲ ಆಕ್ಷೇಪಣೆ ಬಂದದ್ದು ಭಾವನ ಸ್ಥಾವರದಿಂದ, ಭಾವನದೇ ಸಹಿಯೊಂದಿಗೆ.

ಅವಳು ಅದನ್ನು ತೆಗೆದುಕೊಂಡು ನೇರ ಅಧ್ಯಕ್ಷರ ಕೋಣೆಗೆ ಹೋದಳು. “ಸರ್, ಸಹಿ ಹಾಕಿರೋರು ನಮ್ಮಕ್ಕನ ಗಂಡ. ನಾನು ಈ ಕೆಲಸದಲ್ಲಿ ಇರಬೇಕೋ ಬೇಡವೋ ನೀವೇ ಹೇಳಿ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ಈ ಕ್ಷೇತ್ರದಲ್ಲಿ ಅರ್ಧ ಎಂಜಿನಿಯರುಗಳು ಇನ್ನರ್ಧಕ್ಕೆ ನೆಂಟರು. ಸಂಬಂಧ ಏನು ಅಂತ ಫೈಲಿನಲ್ಲಿ ಬರೆದು ಬಹಿರಂಗ ಮಾಡಿ. ತೀರ್ಪು ಕೊಡೋದು ನಾನು ಮತ್ತೆ ಸದಸ್ಯರು, ನೀವಲ್ಲ. ನಿಮ್ಮ ಕೆಲಸ ನೀವು ಮಾಡಿ.”

ಮಾಡಿದಳು. ಆದರೆ ಭಾನುವಾರದ ಊಟಕ್ಕೆ ಅಕ್ಕನ ಮನೆಗೆ ಹೋಗುವುದು ಅವಳ ವಾಡಿಕೆ, ಅದನ್ನು ತಪ್ಪಿಸಿದರೆ ಬೇರೆಯೇ ಅರ್ಥ ಬರುತ್ತದೆ. ಹೋದಳು.

ಊಟಕ್ಕೆ ಕೂತ ಮೇಲೆ ಅವಳೇ, “ಹದಿನಾಲ್ಕು ಪುಟ ಬರ್ದಿದ್ದೀರಲ್ಲ ಭಾವ” ಎಂದಳು.

“ಇನ್ನೂ ಇತ್ತು. ಟೈಪ್ ಮಾಡೋನು ಸುಸ್ತಾದ.”

“ಬೇರೆ ಕಡೆ ಎಲ್ಲಾ ನಲವತ್ತಕ್ಕೆ ಇಳಿಸ್ತಿದ್ದಾರೆ.”

“ಬೇರೆ ಕಡೆ ಬೇರೆ ಕಲ್ಲಿದ್ದಲು, ಬೇರೆ ಬಾಯ್ಲರ್. ನಮ್ಮದು ಒಂದೇ ಸಮ ಉರಿಯೋಕೆ ಅಂತ ಕಟ್ಟಿರೋದು. ಇದೇನು ಅಡುಗೆಮನೆ ಗ್ಯಾಸ್ ಒಲೆನಾ, ತಿರುವಿದ್ರೆ ಸಣ್ಣ, ತಿರುವಿದ್ರೆ ದೊಡ್ಡ ಆಗೋಕೆ? ಬೆಂಕಿ ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ತಾನಾಗೇ ಆರಿಹೋಗುತ್ತೆ. ದಿನಾ ಬಿಸಿ ಮಾಡಿ ದಿನಾ ತಣ್ಣಗೆ ಮಾಡಿದ್ರೆ ಕಬ್ಬಿಣಾನೂ ದಣಿಯುತ್ತೆ, ಬಿರುಕು ಬಿಡುತ್ತೆ.” ತಟ್ಟೆಯನ್ನು ತುಸು ದೂರ ಸರಿಸಿದರು. “ಇನ್ನೊಂದು ಮಾತು ಹದಿನಾಲ್ಕು ಪುಟದಲ್ಲಿ ಬರ್ದಿಲ್ಲ. ಇವತ್ತು ನಲವತ್ತು ಅಂತೀರಿ, ನಾಳೆ ಇಪ್ಪತ್ತು ಅಂತೀರಿ, ನಾಡಿದ್ದು ಬಾಗಿಲು ಹಾಕಿ ಅಂತೀರಿ. ನಮ್ಮ ಸ್ಥಾವರದ ಕಾಲೋನಿಯಲ್ಲಿ ಎಷ್ಟು ಮನೆ ಇದೆ ಗೊತ್ತಲ್ಲ ನಿನಗೆ.”

“ಇಳಿಯೋಕೆ ಕಲಿತ ಸ್ಥಾವರ ಉಳಿಯುತ್ತೆ ಭಾವ. ಕಲೀದೆ ಇರೋದನ್ನೇ ಮೊದಲು ಮುಚ್ಚೋದು.”

“ಹೆದರಿಸ್ತಿದ್ದೀಯಾ?”

“ಲೆಕ್ಕ ಹೇಳ್ತಿದ್ದೀನಿ.”

ಅಕ್ಕ ಸೌಟನ್ನು ಪಾತ್ರೆಗೆ ಸದ್ದಾಗುವಂತೆ ಹಾಕಿದಳು. “ನಿಮ್ಮಿಬ್ಬರ ಬಾಯ್ಲರು ಆರ್ತಾ ಇಲ್ಲ, ನನ್ನ ಅಡುಗೆ ಆರ್ತಾ ಇದೆ.”

ಇಬ್ಬರೂ ಊಟ ಮಾಡಿದರು. ಕೈ ತೊಳೆಯುವಾಗ ಅವಳು ಹೇಳಿದಳು: “ಒಂದು ಸಲ ಮಾಡಿ ನೋಡೋಣ. ನಿಮ್ಮ ಯೂನಿಟ್ಟಲ್ಲೇ, ನಿಮ್ಮ ಕೈಲೇ. ಆಗದಿದ್ರೆ ಆಗಲ್ಲ ಅಂತ ನಾನೇ ಬರೀತೀನಿ.”

ಭಾವ ಟವೆಲಿನಿಂದ ಕೈ ಒರೆಸಿಕೊಂಡರು. “ಆಗಲಿ. ಕಣ್ಣಾರೆ ನೋಡಿದ್ರೆ ನಿನಗೂ ಬುದ್ಧಿ ಬರುತ್ತೆ.”

ಪರೀಕ್ಷೆಯ ದಿನ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂರಲು ಕುರ್ಚಿ ಸಾಲದಷ್ಟು ಜನ ಸೇರಿದ್ದರು. ಆಯೋಗದ ಸದಸ್ಯರೊಬ್ಬರು, ಗ್ರಿಡ್ಡಿನವರು, ಸೋಲಾರ್ ಸಂಘದವರು, ಹಾಗೇ ನೋಡಿ ಹೋಗಲು ಬಂದವರು. ಹಿಂದಿನ ದಿನ ಮಳೆ ಬಂದು ಕಲ್ಲಿದ್ದಲು ತುಸು ಒದ್ದೆಯಾಗಿತ್ತು. ಮುಂದೂಡೋಣವೇ ಎಂದು ಭಾವ ಕೇಳಿದರು. ಇಷ್ಟು ಜನರನ್ನು ಮತ್ತೆ ಕೂಡಿಸುವುದು ಕಷ್ಟವೆಂದು ಅವಳು ಬೇಡ ಎಂದಳು.

ಇಳಿಸತೊಡಗಿದರು. ಐವತ್ತೈದರವರೆಗೆ ಎಲ್ಲರೂ ಹರಟುತ್ತಿದ್ದರು. ಐವತ್ತಕ್ಕೆ ಬಂದಾಗ ಎಲ್ಲರೂ ಪರದೆಯ ಹತ್ತಿರ ಸರಿದರು. ಅದರ ಕೆಳಗೆ ಹೋದಂತೆ, ಒಳಗಿನ ಬೆಂಕಿಯನ್ನು ನೋಡಿಕೊಳ್ಳುವ ಸೂಚಕದ ದೀಪಗಳು ಒಂದೊಂದಾಗಿ ಮಿಣುಕತೊಡಗಿದವು. ಬೆಂಕಿಗೆ ಆಸರೆ ಕೊಡಲು “ಎಣ್ಣೆ ಬರ್ನರ್ ಹಾಕಿ” ಎಂದು ಭಾವ ಹೇಳಿ ಮುಗಿಸುವಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು. ಬೆಂಕಿ ಆರಿತ್ತು. ಇಡೀ ಘಟಕ ಟ್ರಿಪ್ ಆಗಿ ನಿಂತು, ದಿನವಿಡೀ ಗುಂಯ್‌ಗುಡುತ್ತಿದ್ದ ನೆಲದಡಿಯ ಕಂಪನ ಸಣ್ಣಗಾಗುತ್ತ ಹೋಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟು ದೊಡ್ಡ ಘಟಕ ಒಮ್ಮೆಲೇ ಕೈಬಿಟ್ಟಾಗ, ಉಳಿದ ಗ್ರಿಡ್ ಕುಸಿಯದಿರಲೆಂದು ನಗರದ ಕೆಲವು ಬಡಾವಣೆಗಳ ಕರೆಂಟು ತಾನಾಗಿಯೇ ಕಡಿತಗೊಂಡಿತು. ಅದು ಮತ್ತೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಅಕ್ಕ, ತನ್ನ ದಂತವೈದ್ಯರಿದ್ದ ಕಟ್ಟಡದ ಲಿಫ್ಟಿನಲ್ಲಿ, ಎರಡು ಅಂತಸ್ತುಗಳ ನಡುವೆ, ಹಲ್ಲು ಕೀಳಿಸಿಕೊಂಡ ಬಾಯಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದಳು. ಬೈಯಲೂ ಆಗದ ಸ್ಥಿತಿ. ಬಾಯಿ ಸರಿಹೋದ ಮೇಲೆ ಗಂಡನಿಗೂ ತಂಗಿಗೂ ಒಂದೇ ಮಾತು ಹೇಳಿದಳು: “ನಿಮ್ಮಿಬ್ಬರಲ್ಲಿ ಯಾರು ಗೆದ್ರಿ ಅಂತ ನನಗೆ ಹೇಳ್ಬೇಡಿ.” ಆಮೇಲೆ ಭಾನುವಾರದ ಊಟ ನಿಂತುಹೋಯಿತು.

ಪತ್ರಿಕೆಗಳು ಬಿಡಲಿಲ್ಲ. ‘ಆಯೋಗದ ಪ್ರಯೋಗ, ಜನರಿಗೆ ಪಜೀತಿ’ ಎಂಬ ತಲೆಬರಹ ಅವಳಿಗೆ ಬಾಯಿಪಾಠವಾಯಿತು. ಸೋಲಾರ್ ಸಂಘದವರು ಫೋನು ಎತ್ತುವುದನ್ನು ಬಿಟ್ಟರು. ಕಚೇರಿಯಲ್ಲಿ ಅವಳು ಬಂದರೆ ಚಹಾದ ಗುಂಪು ಮಾತು ಬದಲಿಸುತ್ತಿತ್ತು. ಅಧ್ಯಕ್ಷರು ಕರೆಸಿ, “ಕರಡು ಹಿಂದಕ್ಕೆ ತಗೊಳ್ಳಿ ಅಂತ ಮೇಲಿನಿಂದ ಒತ್ತಡ ಇದೆ. ಈ ತಿಂಗಳು ನಾನು ತಡೀಬಲ್ಲೆ. ಅದಕ್ಕಿಂತ ಹೆಚ್ಚು ಹೇಳೋಕಾಗಲ್ಲ” ಎಂದರು.

“ನನಗೆ ಅಷ್ಟು ಸಾಕು ಸರ್.”

“ಏನು ಮಾಡ್ತೀರಿ?”

“ಯಾಕೆ ಬಿತ್ತು ಅಂತ ತಿಳ್ಕೊಳ್ತೀನಿ.”

ಬಿದ್ದ ಗಳಿಗೆಯ ದಾಖಲೆಗಳನ್ನೆಲ್ಲ ತರಿಸಿಕೊಂಡಳು. ಗೆರೆಗಳ ಮೇಲೆ ಗೆರೆ ಇಟ್ಟು ನೋಡಿದಳು. ಕಲ್ಲಿದ್ದಲನ್ನು ಪುಡಿ ಮಾಡಿ ಬೆಂಕಿಗೆ ಊದುವ ಮಿಲ್ಲುಗಳಲ್ಲಿ ಮೂರು ಓಡುತ್ತಿದ್ದವು, ಮೂರೂ ಅರೆಹೊಟ್ಟೆಯಲ್ಲಿ. ಒಂದೊಂದರಿಂದಲೂ ಬರುತ್ತಿದ್ದ ಪುಡಿ ತೀರ ತೆಳುವಾಗಿ, ಬೆಂಕಿ ಹಿಡಿದುಕೊಳ್ಳಲು ಏನೂ ಸಿಗದ ಹಾಗಾಗಿತ್ತು. ಒಂದನ್ನು ನಿಲ್ಲಿಸಿ ಎರಡನ್ನೇ ತುಂಬಿ ಓಡಿಸಿದ್ದರೆ? ಭಾವನಂಥವರಿಗೆ ಇದು ತಿಳಿಯದ್ದೇ? ಆ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಎದ್ದಿತು. ಅದನ್ನು ಎರಡು ದಿನ ಅದುಮಿಟ್ಟಳು. ಮೂರನೆಯ ದಿನ ಸ್ಥಾವರಕ್ಕೆ ಹೊರಟಳು.

ಭಾವನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕೂರಲಿಲ್ಲ.

“ಭಾವ, ಒಂದು ಕೇಳ್ತೀನಿ. ಬೇಜಾರು ಮಾಡ್ಕೊಳ್ಳಿ, ಆದ್ರೆ ನಿಜ ಹೇಳಿ. ಅವತ್ತು ಬೇಕಂತ ಬೀಳಿಸಿದ್ರಾ?”

ಭಾವನ ಮುಖ ಬಣ್ಣಗೆಟ್ಟಿತು. ಕೋಪ ಬರುತ್ತದೆಂದು ಅವಳು ಕಾದಿದ್ದಳು, ಬರಲಿಲ್ಲ. ಅವರು ಎದ್ದು ಹೆಲ್ಮೆಟ್ ಹಾಕಿಕೊಂಡು, ಇನ್ನೊಂದನ್ನು ಅವಳ ಕೈಗಿತ್ತು, ಬಾ ಎಂಬಂತೆ ತಲೆಯಾಡಿಸಿ ಹೊರನಡೆದರು. ಇಬ್ಬರೂ ಜಾಲರಿಯ ಮೆಟ್ಟಿಲುಗಳನ್ನು ಹತ್ತಿ ಬಾಯ್ಲರಿನ ಮಗ್ಗುಲಿಗೆ ಬಂದರು. ಅಲ್ಲಿಯ ಶಾಖಕ್ಕೆ ಮುಖದ ಚರ್ಮ ಬಿಗಿಯುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಕಿವಿಯ ಹತ್ತಿರವೇ ಹೇಳಬೇಕು.

“ನನ್ನ ಇಡೀ ನೌಕರಿ ಇದರ ಪಕ್ಕದಲ್ಲೇ ಕಳೆದಿದೆ,” ಎಂದರು ಭಾವ. “ನಿನಗೆ ಜ್ವರ ಬಂದಾಗ ಇಲ್ಲಿದ್ದೆ, ನನ್ನ ಮಗಳು ಹುಟ್ಟಿದಾಗ ಇಲ್ಲಿದ್ದೆ. ಬೇಕಂತ ಒಂದು ಸಲಾನೂ ಈ ಬೆಂಕಿ ಆರಿಸಿಲ್ಲ. ಅವತ್ತು ಅಷ್ಟು ಜನರ ಮುಂದೆ ಆರಿತಲ್ಲ, ನನ್ನ ಹುಡುಗರ ಮುಖ ನೋಡೋಕಾಗಲಿಲ್ಲ ನನಗೆ. ನೀನು ಸೋತೆ ಅಂತ ಖುಷಿಯಾಗ್ಬೇಕಿತ್ತು. ಆಗಲಿಲ್ಲ.”

ಅವಳಿಗೆ ನಾಚಿಕೆಯಾಯಿತು. “ತಪ್ಪಾಯ್ತು ಭಾವ” ಎಂದಳು. ಅವರು ಅದನ್ನು ಕೈಯಿಂದ ಸರಿಸಿಬಿಟ್ಟರು.

ಕೋಣೆಗೆ ಮರಳಿದ ಮೇಲೆ ಅವಳು ತನ್ನ ಗೆರೆಗಳನ್ನು ಮೇಜಿನ ಮೇಲೆ ಹರಡಿದಳು. ಭಾವ ಮೇಜಿನ ಖಾನೆ ಎಳೆದು ತಮ್ಮ ಗೆರೆಗಳನ್ನು ತೆಗೆದರು. ಅವರೂ ಸುಮ್ಮನೆ ಕೂತಿರಲಿಲ್ಲ.

“ಎರಡು ಮಿಲ್ಲು,” ಎಂದಳು ಅವಳು.

“ಎರಡೇ. ಅದೂ ಅಕ್ಕಪಕ್ಕದ್ದು. ಮೂರು ಇಟ್ಕೊಳ್ಳೋದು ನಮ್ಮ ಅಭ್ಯಾಸ, ಯಾವಾಗ ಮೇಲೆ ಹೋಗು ಅಂತಾರೋ ಅಂತ. ಇಷ್ಟು ಕೆಳಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಆಮೇಲೆ ಇಳಿಸಿದ್ದೂ ಅವಸರ ಆಯ್ತು. ಒದ್ದೆ ಕಲ್ಲಿದ್ದಲು ಬೇರೆ.”

“ಅದು ನನ್ನ ಅವಸರ.”

“ಹೌದು, ನಿನ್ನದೇ.” ಈಗ ಅವರ ಮುಖದಲ್ಲಿ ನಗುವಿನ ಎಳೆ ಕಂಡಿತು. ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದರು. ನಿಧಾನವಾಗಿ ಇಳಿಸಲು ಬಿಡಬೇಕು. ಮಳೆಗಾಲದ ದಿನಗಳಿಗೆ ವಿನಾಯಿತಿ ಬೇಕು. ಬೆಂಕಿ ನೋಡುವ ಸೂಚಕಗಳು ಹಳೆಯವು, ಬದಲಾಯಿಸಬೇಕು. ಕಬ್ಬಿಣ ದಣಿಯುವುದು ಸುಳ್ಳಲ್ಲ, ಆ ಸವಕಳಿಯ ಖರ್ಚನ್ನು ಯಾರಾದರೂ ಭರಿಸಬೇಕು. ಆಪರೇಟರುಗಳಿಗೆ ಕಲಿಸಬೇಕು, ಹೆದರಿದ ಕೈ ಕೆಳಗಿಳಿಸುವುದಿಲ್ಲ.

ಅವಳು ಬರೆದುಕೊಳ್ಳುತ್ತ, “ಇದನ್ನೆಲ್ಲಾ ಆಕ್ಷೇಪಣೆಯಲ್ಲೇ ಬರೀಬಹುದಿತ್ತಲ್ಲ ಭಾವ? ಹದಿನಾಲ್ಕು ಪುಟದಲ್ಲೂ ‘ಆಗಲ್ಲ’ ಅಂತಲೇ ಇತ್ತು” ಎಂದಳು.

“ನಿನ್ನ ಕರಡಲ್ಲಿ ಏನಿತ್ತು? ತಗ್ಗಿಸತಕ್ಕದ್ದು. ನಿಮ್ಮ ಕೈಲಿ ಹೇಗಾಗುತ್ತೆ ಅಂತ ಯಾರೂ ಕೇಳಲಿಲ್ಲ. ತಕ್ಕದ್ದು ಅಂದವರಿಗೆ ಆಗಲ್ಲ ಅನ್ನೋದೇ ತಕ್ಕ ಉತ್ತರ.”

ಅವಳು ಬಸ್ಸಿನಲ್ಲಿ ಮರಳುವಾಗ ಕಿಟಕಿಗೆ ತಲೆಯಾನಿಸಿ ತನ್ನ ಮೊದಲ ಕರಡನ್ನು ಮನಸ್ಸಿನಲ್ಲೇ ಓದಿಕೊಂಡಳು. ನೀತಿ ಸರಿಯಿತ್ತು, ಲೆಕ್ಕ ಸರಿಯಿತ್ತು. ಆದರೆ ಅದನ್ನು ಮಾಡಬೇಕಾದವರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ತಾನೇ ವರ್ಷಗಟ್ಟಲೆ ಇನ್ನೊಬ್ಬರ ನಿಯಮವನ್ನು ಫೋನಿನಲ್ಲಿ ಓದಿಹೇಳಿ ಬೇಸತ್ತವಳು. ಅದೇ ಧಾಟಿಯಲ್ಲಿ ಬರೆದಿದ್ದಳಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಚೇರಿಗೆ ಬಂದವಳೇ ಹೊಸದಾಗಿ ಬರೆಯತೊಡಗಿದಳು.

ಹೊಸ ಕರಡು ಹೊರಬಿದ್ದಾಗ ಗದ್ದಲ ಎಬ್ಬಿಸುವ ಸರದಿ ಸೋಲಾರ್ ಸಂಘದ್ದಾಯಿತು. ಸವಕಳಿಯ ಖರ್ಚಿನಲ್ಲಿ ಒಂದು ಪಾಲನ್ನು, ಇಳಿಕೆಯಿಂದ ಲಾಭ ಪಡೆಯುವವರು ಭರಿಸಬೇಕೆಂದು ಅವಳು ಬರೆದಿದ್ದಳು. ಸಂಘದ ವಕೀಲರು ಅವಳ ಕೋಣೆಗೇ ಬಂದು ಕೂತರು. “ಬಿಸಿಲು ನಮ್ಮದು, ಪ್ಯಾನೆಲ್ ನಮ್ಮದು. ಅದನ್ನ ಒಳಗೆ ಬಿಡೋಕೆ ಕಲ್ಲಿದ್ದಲಿಗೆ ನಾವು ಬಾಡಿಗೆ ಕಟ್ಟಬೇಕಾ ಮೇಡಂ? ನೀವು ನಮ್ಮ ಕಡೆಯವರು ಅಂದುಕೊಂಡಿದ್ವಿ.”

“ನಾನು ಯಾರ ಕಡೆಯೂ ಅಲ್ಲ.”

“ನಿಮ್ಮ ಭಾವನ ಕಡೆ ಅಂತ ಜನ ಮಾತಾಡ್ತಾರೆ.”

“ಫೈಲಿನಲ್ಲಿ ನಾನೇ ಬರ್ದಿದ್ದೀನಿ, ಯಾರು ಬೇಕಾದ್ರೂ ಓದಬಹುದು. ಈಗ ನಿಲ್ಲಿಸಿ ಕಳ್ಕೊಳ್ತಿರೋದು ಎಷ್ಟು, ಹೊಸ ನಿಯಮದಲ್ಲಿ ಕೊಡಬೇಕಾಗೋದು ಎಷ್ಟು, ನೀವೇ ಪಕ್ಕಪಕ್ಕ ಇಟ್ಟು ನೋಡಿ. ನೋಡಿ ಆದ ಮೇಲೂ ಬೇಡ ಅನಿಸಿದ್ರೆ ಬಹಿರಂಗ ವಿಚಾರಣೆಯಲ್ಲಿ ಹೇಳಿ. ಅಲ್ಲಿ ಎಲ್ಲರೂ ಕೇಳಿಸ್ಕೊಳ್ತಾರೆ.”

ವಕೀಲರು ಚಹಾ ಕುಡಿಯದೇ ಎದ್ದುಹೋದರು.

ಎರಡನೆಯ ಪರೀಕ್ಷೆಗೆ ಯಾರನ್ನೂ ಮೆರವಣಿಗೆಯಲ್ಲಿ ಕರೆಯಲಿಲ್ಲ. ಆಯೋಗದ ಸದಸ್ಯರು, ಗ್ರಿಡ್ಡಿನ ಒಬ್ಬರು, ಅವಳು, ಭಾವ, ಪಾಳಿಯ ಆಪರೇಟರುಗಳು. ಕಲ್ಲಿದ್ದಲು ಒಣಗಿತ್ತು. ಹೊಸ ಸೂಚಕಗಳನ್ನು ಜೋಡಿಸಿಯಾಗಿತ್ತು. ಭಾವ ತಾವು ಕೂರದೆ, ಮುಖ್ಯ ಮೇಜಿಗೆ ಆಪರೇಟರುಗಳಲ್ಲೇ ಹಿರಿಯಳನ್ನು ಕೂರಿಸಿ ಹಿಂದೆ ಕೈಕಟ್ಟಿ ನಿಂತರು. ಮೊದಲ ಪರೀಕ್ಷೆಯಲ್ಲಿ ಅಲಾರಂ ಹೊಡೆದಾಗ ಅದೇ ಮೇಜಿನಲ್ಲಿದ್ದವಳು ಆಕೆಯೇ. “ಸರ್, ನೀವೇ ಕೂತ್ಕೊಳ್ಳಿ” ಎಂದು ಆಕೆ ಎರಡು ಸಲ ಕೇಳಿಕೊಂಡಳು. “ನಾನು ನಿವೃತ್ತನಾದ ಮೇಲೂ ಇದು ಇಳೀಬೇಕಲ್ಲಮ್ಮ” ಎಂದರು ಭಾವ.

ಬಹಳ ನಿಧಾನವಾಗಿ ಇಳಿಸಿದರು. ಒಂದು ಮಿಲ್ಲನ್ನು ನಿಲ್ಲಿಸಿದಾಗ ಬಾಯ್ಲರಿನೊಳಗಿನ ಒತ್ತಡ ಒಮ್ಮೆ ತೊನೆದಾಡಿತು. ಆಕೆಯ ಬೆರಳು ಎಣ್ಣೆ ಬರ್ನರಿನ ಗುಂಡಿಯ ಮೇಲೆ ಹೋಗಿ ನಿಂತಿತು. “ತಾಳು. ಅದೇ ಸರಿಹೋಗುತ್ತೆ” ಎಂದು ಭಾವ ಮೆಲ್ಲಗೆ ಹೇಳಿದರು. ಸರಿಹೋಯಿತು. ಐವತ್ತು ದಾಟಿತು. ಹಿಂದೆ ಬಿದ್ದಿದ್ದ ಜಾಗ ಬಂದಾಗ ಅವಳು ಮುಂದೆ ಬಾಗಿ ಸೂಚಕಗಳನ್ನು ನೋಡಿದಳು. ಅವು ಕದಲದೆ ಉರಿಯುತ್ತಿದ್ದವು. ನಲವತ್ತೈದು. ನಲವತ್ತೆರಡು. ನಲವತ್ತು.

ಅಲ್ಲಿಯೇ ನಿಲ್ಲಿಸಿ ಕಾದರು. ಕಾಯುವುದೇ ಎಲ್ಲಕ್ಕಿಂತ ಕಷ್ಟದ ಭಾಗವಾಗಿತ್ತು. ಏನೂ ಆಗದಿರುವುದನ್ನು ನೋಡುತ್ತ ಕೂರುವುದು. ಯಾರೋ ಚಹಾ ತಂದರು, ಯಾರೂ ಕುಡಿಯಲಿಲ್ಲ. ಬಿಸಿಲು ಇಳಿಮುಖವಾದಾಗ ಗ್ರಿಡ್ಡಿನವರು ಫೋನಿನಲ್ಲಿ ಮಾತಾಡಿ ಮುಗಿಸಿ, “ಇನ್ನು ಏರಿಸಬಹುದು. ಈ ಭಾಗದ ಯಾವ ಪಾರ್ಕನ್ನೂ ಇವತ್ತು ನಿಲ್ಲಿಸಿಲ್ಲ” ಎಂದರು. ಆಪರೇಟರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡಳು. ಭಾವ ಅವಳ ಹೆಗಲು ತಟ್ಟಿ, ನಾದಿನಿಯ ಕಡೆಗೆ ತಿರುಗಿ, “ನಿಮ್ಮಕ್ಕನಿಗೆ ಫೋನ್ ಮಾಡು. ಲಿಫ್ಟಲ್ಲಿ ಇದ್ದಾಳಾ ಅಂತ ಕೇಳು” ಎಂದರು.

ಅಕ್ಕ ಫೋನೆತ್ತಿದಳು. “ಮನೇಲಿದ್ದೀನಿ. ಮೆಟ್ಟಿಲು ಹತ್ತೇ ಬಂದೆ. ನಿಮ್ಮನ್ನ ಯಾರು ನಂಬ್ತಾರೆ?” ಎಂದಳು. ಆಮೇಲೆ, “ಭಾನುವಾರ ಬಾ. ಆದ್ರೆ ಊಟ ಮುಗಿಯೋವರೆಗೂ ಇಬ್ಬರೂ ಕಲ್ಲಿದ್ದಲು ಅನ್ನೋ ಹಾಗಿಲ್ಲ” ಎಂದಳು.

ಬಹಿರಂಗ ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಸಂಘದ ವಕೀಲರು ಬಾಡಿಗೆಯ ಮಾತನ್ನೇ ಇನ್ನಷ್ಟು ಅಲಂಕರಿಸಿ ಹೇಳಿದರು, ಸಭೆ ನಕ್ಕಿತು. ಇನ್ನೊಂದು ಸ್ಥಾವರದ ಪ್ರತಿನಿಧಿ, ಒಂದು ಘಟಕದ ಪರೀಕ್ಷೆಯಿಂದ ಎಲ್ಲಕ್ಕೂ ನಿಯಮ ಮಾಡುವುದು ಅನ್ಯಾಯ ಎಂದರು; ಆ ಮಾತಿನಲ್ಲಿ ಹುರುಳಿತ್ತು. ಭಾವನನ್ನು ಕರೆದಾಗ ಅವರು ಹೆಚ್ಚು ಮಾತಾಡಲಿಲ್ಲ. “ಆಗಲ್ಲ ಅಂತ ಬರ್ದಿದ್ದೆ. ಮಾಡಿದ್ವಿ, ಆಯ್ತು. ಇವರು ಖರ್ಚು ಕೊಟ್ಟು, ಕಲಿಯೋಕೆ ಸಮಯ ಕೊಟ್ರೆ ಬೇರೆಯವರಿಗೂ ಆಗುತ್ತೆ. ಕೊಡದೇ ಇದ್ರೆ ನಮಗೂ ಆಗಲ್ಲ. ನನ್ನ ಮೊದಲಿನ ಆಕ್ಷೇಪಣೆ ವಾಪಸ್ ತಗೊಳ್ತಿದ್ದೀನಿ, ಎರಡನೇದನ್ನ, ಖರ್ಚೂ ಸಮಯಾನೂ ಬೇಕು ಅನ್ನೋದನ್ನ, ಇಟ್ಕೊಳ್ತಿದ್ದೀನಿ” ಎಂದು ಕೂತರು.

ತೀರ್ಪು ಅವಳು ಬಯಸಿದಷ್ಟು ದೊಡ್ಡದಾಗಿ ಬರಲಿಲ್ಲ. ಮೊದಲ ವರ್ಷ ಎರಡು ಸ್ಥಾವರಗಳಿಗೆ ಮಾತ್ರ, ಆಮೇಲೆ ಫಲ ನೋಡಿ ಉಳಿದವಕ್ಕೆ. ಮಳೆಗಾಲಕ್ಕೆ ವಿನಾಯಿತಿ. ಸವಕಳಿಯ ಖರ್ಚಿನ ಹಂಚಿಕೆ ಉಳಿಯಿತು. ಯಾವ ಪಾರ್ಕನ್ನು ಯಾವಾಗ, ಯಾಕೆ ನಿಲ್ಲಿಸಲಾಯಿತೆಂದು ದಿನವೂ ಪ್ರಕಟಿಸಬೇಕೆಂಬ ಅವಳ ಅಚ್ಚುಮೆಚ್ಚಿನ ಕಲಮನ್ನು ತೆಗೆದುಹಾಕಿದ್ದರು.

“ಇದು ಯಾಕೆ ಸರ್?” ಎಂದು ಅಧ್ಯಕ್ಷರನ್ನು ಕೇಳಿದಳು.

“ಎಲ್ಲಾ ಒಂದೇ ಸಲ ನುಂಗಿಸೋಕೆ ಹೋದ್ರೆ ಇರೋದನ್ನೂ ಉಗೀತಾರೆ. ಮುಂದಿನ ವರ್ಷ ಮತ್ತೆ ತನ್ನಿ.”

“ತರ್ತೀನಿ.”

ತಂದಳು ಕೂಡ. ಆ ವರ್ಷ ತಳ್ಳಿಹಾಕಿದರು; ಅದರ ಮುಂದಿನ ವರ್ಷ ಒಪ್ಪಿದರು. ಅಷ್ಟರಲ್ಲಿ ಭಾವ ನಿವೃತ್ತರಾಗಿ, ಊರೂರಿನ ಸ್ಥಾವರಗಳಿಗೆ ಹೋಗಿ ಆಪರೇಟರುಗಳಿಗೆ ಬೆಂಕಿಯನ್ನು ಸಣ್ಣದು ಮಾಡುವ ಪಾಠ ಹೇಳತೊಡಗಿದ್ದರು. ಅಂದು ಮುಖ್ಯ ಮೇಜಿನಲ್ಲಿ ಕೂತಿದ್ದ ಆಪರೇಟರ್ ಅವರ ಜೊತೆ ಹೋಗುತ್ತಿದ್ದಳು, ಪಾಠದ ಕಷ್ಟದ ಭಾಗ ಹೇಳುವವಳು ಅವಳೇ. ಕಾಲೋನಿಯ ಎಲ್ಲ ಮನೆಗಳೂ ಉಳಿದವೆಂದು ಹೇಳಲಾಗದು. ಸ್ಥಾವರದ ತೀರ ಹಳೆಯ ಘಟಕವನ್ನು ಮುಚ್ಚಿದರು, ಕೆಲವರು ಬೇರೆಡೆಗೆ ಹೋದರು. ಇಳಿಯಲು ಕಲಿತ ಘಟಕಗಳು ಮಾತ್ರ ಉಳಿದವು. ಹಳೆಯದು ಮುಚ್ಚಿದ್ದು ನಿಯಮದಿಂದಲೋ ಅಲ್ಲವೋ ಎಂಬ ವಿಷಯದಲ್ಲಿ ಭಾವನೂ ನಾದಿನಿಯೂ ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಈಗ ಅವಳನ್ನು ಕಾಡುತ್ತಿರುವುದು ಸಂಜೆ. ಸೂರ್ಯ ಮುಳುಗುವ ಹೊತ್ತಿಗೇ ಮನೆಮನೆಯ ದೀಪ ಹತ್ತುತ್ತದೆ; ಬಿಸಿಲಿನ ಕರೆಂಟು ಇಳಿಯುವ ವೇಗಕ್ಕೆ ಕಲ್ಲಿದ್ದಲು ಏರಲಾರದು. ಥಟ್ಟನೆ ಏರಬಲ್ಲದ್ದು ಅಣೆಕಟ್ಟಿನ ನೀರು. ಆದರೆ ಜಲವಿದ್ಯುತ್ತಿನವರು ತಮ್ಮ ನೀರನ್ನು ಹಗಲೆಲ್ಲ ಹರಿಸಿ ಸಂಜೆಗೆ ಕೈಚೆಲ್ಲುತ್ತಾರೆ ಎಂಬುದು ಅವಳ ದೂರು. ಅದರ ಬಗ್ಗೆ ಅವಳು ಒಂದಕ್ಷರವನ್ನೂ ಇನ್ನೂ ಬರೆದಿಲ್ಲ. ಕಳೆದ ವಾರ, ಮೊದಲು ಕೇಳಿಕೊಂಡು ಬರೋಣವೆಂದು, ಅಣೆಕಟ್ಟಿನ ಕಚೇರಿಗೇ ಹೋದಳು. ಗುಡ್ಡದ ಮೇಲಿನ ಸಣ್ಣ ಕಟ್ಟಡ, ಒಳಗೆಲ್ಲ ಹಸಿ ಸಿಮೆಂಟಿನ ವಾಸನೆ. ಬಾಗಿಲ ಹತ್ತಿರವಿದ್ದ ಗುಮಾಸ್ತರು ಅವಳ ಗುರುತಿನ ಚೀಟಿಯನ್ನು ಹಿಂದುಮುಂದು ತಿರುಗಿಸಿ ನೋಡಿದರು.

“ಸಾಹೇಬರು ಆಯೋಗದೋರ ಹತ್ರ ಮಾತಾಡಲ್ಲ ಅಂತ ಹೇಳಿದ್ದಾರೆ.”

“ಗೊತ್ತು. ಮಾತಾಡೋದು ನಾನಲ್ಲ, ಅವರೇ. ನಾನು ಕೇಳೋಕೆ ಬಂದಿದ್ದೀನಿ.”

“ಕೆಳಗೆ ಟರ್ಬೈನ್ ಹತ್ರ ಹೋಗಿದ್ದಾರೆ. ಯಾವಾಗ ಬರ್ತಾರೋ ಹೇಳೋಕಾಗಲ್ಲ.”

“ಕೆಳಗೆ ಹೋಗೋ ದಾರಿ ಯಾವುದು?”

ಗುಮಾಸ್ತರು ಅನುಮಾನದಿಂದಲೇ ಕೈ ತೋರಿಸಿದರು. ಅವಳು ಗೋಡೆಯ ಗೂಟದಿಂದ ಒಂದು ಹೆಲ್ಮೆಟ್ ತೆಗೆದುಕೊಂಡು, ತಲೆಗೆ ಸರಿಯಾಗಿ ಬಿಗಿದು, ಮೆಟ್ಟಿಲಿಳಿಯತೊಡಗಿದಳು.